ಅತ್ತೆ ತೋರಿಸಿಕೊಟ್ಟ ಹೆಗ್ಗಣ

ರೆಂಟನ್ನಿನ ನಮ್ಮ ಟೌನ್‌ಹೌಸಿನ ಬಾಲ್ಕನಿಯಲ್ಲಿ ಹನ್ನೊಂದು ಕುಂಡಗಳಿದ್ದವು. ಒಂದರಲ್ಲಿ ಕರಿಬೇವು, ಒಂದರಲ್ಲಿ ದೊಡ್ಡಪತ್ರೆ, ಎರಡರಲ್ಲಿ ಮೆಣಸಿನ ಗಿಡ, ಉಳಿದದ್ದೆಲ್ಲ ಪುದೀನ. ನನ್ನ ಗಂಡ ವಿಮಾನ ಕಾರ್ಖಾನೆಗೆ ಕೆಲಸಕ್ಕೆ ಹೊರಡುವ ಮುಂಚೆ ದಿನಾ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಮುಟ್ಟಿ ನೋಡುತ್ತಿದ್ದ. ಒಂದು ಬೆಳಿಗ್ಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದವನು, "ಸಾಕಾಯ್ತು ಈ ಕುಂಡಗಳ ಸಹವಾಸ. ಒಂದಿಷ್ಟು ಜಮೀನು ತಗೊಳ್ಳೋಣ," ಎಂದ.

ನಾನು ಮೈಸೂರಿನ ಪೇಟೆಯವಳು. ನೆಲ ಎಂದರೆ ನನಗೆ ಗುಡಿಸಿ ನೀರು ಹಾಕಿ ರಂಗೋಲಿ ಇಡುವಷ್ಟು ಜಾಗ. ಅವನು ಮಂಡ್ಯದ ಕಡೆಯವನು, ನಾಲೆ ನೀರಿನ ಗದ್ದೆಯಲ್ಲಿ ಕೆಸರು ತುಳಿದು ಬೆಳೆದವನು. ಅವನಿಗೆ ನೆಲ ಎಂದರೆ ಎಕರೆ ಲೆಕ್ಕ.

ಎರಡು ವರ್ಷ ಹುಡುಕಿದೆವು. ವುಡಿನ್‌ವಿಲ್ ಕಡೆ ನೋಡಿದ್ದು ಕೈಗೆ ಎಟುಕಲಿಲ್ಲ. ಸ್ನೊಕ್ವಾಲ್ಮಿ ಕಡೆ ಒಂದು ಜಾಗ ಇಬ್ಬರಿಗೂ ಹಿಡಿಸಿತ್ತು, ಆದರೆ ಅಲ್ಲಿ ಹರಿಯುವ ಪುಟ್ಟ ಹೊಳೆಗೆ ಸಾಲ್ಮನ್ ಮೀನು ಬರುತ್ತದೆಂದು ದಡದಿಂದ ಬಹಳ ದೂರದವರೆಗೆ ಏನೂ ಕಟ್ಟುವಂತಿರಲಿಲ್ಲ. ಮೀನಿನ ಪಾಲು ಕಳೆದರೆ ನಮಗೆ ಉಳಿಯುತ್ತಿದ್ದದ್ದು ಎರಡು ಕಾರು ನಿಲ್ಲಿಸುವಷ್ಟು. ಕೊನೆಗೆ ದಕ್ಷಿಣಕ್ಕೆ, ಟಕೋಮಾ ದಾಟಿ, ಟ್ರಾಫಿಕ್ ಇಲ್ಲದಿದ್ದರೆ ಒಂದು ಗಂಟೆಯ ಹಾದಿಯಲ್ಲಿ ಐದು ಎಕರೆ ಹುಲ್ಲುಗಾವಲು ಸಿಕ್ಕಿತು. ರಸ್ತೆ ಪಕ್ಕದ ಮೂಲೆಯಲ್ಲಿ ಹಿಂದೆ ಯಾರದೋ ಟ್ರೇಲರ್ ಮನೆ ಇದ್ದು, ಅದನ್ನು ಎಳೆದುಕೊಂಡು ಹೋದ ಮೇಲೆ ಜಲ್ಲಿ ಹಾಸಿದ ಗಟ್ಟಿ ನೆಲ ಉಳಿದಿತ್ತು. ಅದರಾಚೆ ಪೂರಾ ಹುಲ್ಲು, ಅಲ್ಲಲ್ಲಿ ಹಳದಿ ಹೂವಿನ ಬ್ರೂಮ್ ಪೊದೆ, ನಡುವೆ ಒಂದು ಸಣ್ಣ ದಿಬ್ಬ. ಮೋಡವಿಲ್ಲದ ದಿನ ದಿಬ್ಬದ ಮೇಲೆ ನಿಂತರೆ ರೇನಿಯರ್ ಬೆಟ್ಟ ಬುಡದಿಂದ ತುದಿಯವರೆಗೆ ಕಾಣುತ್ತಿತ್ತು. ನಾವು ಮೊದಲ ಸಲ ಹೋದದ್ದು ಅಂಥ ದಿನವೇ. ಅವನು ದಿಬ್ಬ ಹತ್ತಿ, ಎರಡೂ ಕೈ ಸೊಂಟದ ಮೇಲಿಟ್ಟು, "ಅಡುಗೆಮನೆ ಕಿಟಕಿ ಇಲ್ಲಿ ಬರುತ್ತೆ," ಎಂದ. ಅಲ್ಲಿಗೆ ಜಮೀನು ಕೊಂಡಂತೆಯೇ ಆಯಿತು.

ಕಾರ್ಖಾನೆಯಲ್ಲಿ ಅವನ ಕೆಲಸ ರೆಕ್ಕೆಯೊಳಗೆ ಕೂರುವ ಸಣ್ಣಸಣ್ಣ ಭಾಗಗಳ ಚಿತ್ರ ಬರೆಯುವುದು. ಮನೆಯ ನಕ್ಷೆಯನ್ನೂ ಅದೇ ಶ್ರದ್ಧೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆಯತೊಡಗಿದ. ದಿಬ್ಬದ ನೆತ್ತಿಯ ಮೇಲೆ ಎರಡಂತಸ್ತು, ಕೆಳಗೆ ಅತ್ತೆಗೊಂದು ರೂಮು, ಹಿಂದೆ ತರಕಾರಿ ತೋಟ. ಹನ್ನೆರಡು ವರ್ಷದ ಮಗಳು ತನ್ನ ರೂಮಿನ ಕಿಟಕಿಯನ್ನು ಮೂರು ಸಲ ಜಾಗ ಬದಲಾಯಿಸಿದಳು.

ಕಟ್ಟಲು ಅನುಮತಿ ಕೇಳಿ ಕೌಂಟಿ ಆಫೀಸಿಗೆ, ಅಂದರೆ ಇಲ್ಲಿನ ಜಿಲ್ಲಾ ಕಚೇರಿಗೆ, ಅರ್ಜಿ ಹಾಕಿದಾಗ ಬಂದ ಉತ್ತರದಲ್ಲಿ ನಾವು ಹಿಂದೆಂದೂ ಕೇಳದ ಒಂದು ಪ್ರಾಣಿಯ ಹೆಸರಿತ್ತು: ಪಾಕೆಟ್ ಗೋಫರ್. ನೆಲದೊಳಗೆ ಬಿಲ ತೋಡಿಕೊಂಡಿರುವ ಇಲಿ ಜಾತಿಯದು. ಈ ಭಾಗದ ಹುಲ್ಲುಗಾವಲುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಬಗೆ. ಹುಲ್ಲುಗಾವಲೆಲ್ಲ ಮನೆ, ರಸ್ತೆ, ಗೋದಾಮು ಆಗುತ್ತ ಬಂದಂತೆ ಅದು ಕಡಿಮೆಯಾಗಿ, ಅಳಿವಿನ ಅಂಚಿಗೆ ಬಂದ ಜೀವಿಗಳನ್ನು ಕಾಯುವ ದೇಶದ ಕಾನೂನಿನೊಳಗೆ ಸೇರಿಕೊಂಡಿದೆ. ನಮ್ಮ ಜಮೀನಿನದು ಅದಕ್ಕೆ ಇಷ್ಟವಾಗುವ ಮಣ್ಣು. ಆದ್ದರಿಂದ ಬೇಸಿಗೆಯಲ್ಲಿ ಒಬ್ಬರು ಬಂದು ನೆಲವನ್ನೆಲ್ಲ ನಡೆದು ನೋಡುತ್ತಾರೆ. ಗೋಫರ್ ಇಲ್ಲವೆಂದರೆ ಮನೆ ಕಟ್ಟಬಹುದು. ಇದೆಯೆಂದರೆ ಕೂತು ಮಾತಾಡಬೇಕು.

ಪಕ್ಕದ ಜಮೀನಿನಲ್ಲಿ ಕುದುರೆ ಸಾಕಿಕೊಂಡಿದ್ದ ಮುದುಕರೊಬ್ಬರು ಬೇಲಿಯಾಚೆಯಿಂದಲೇ ನಮಗೊಂದು ಉಪಾಯ ಹೇಳಿಕೊಟ್ಟರು. ತಪಾಸಣೆಯವರು ಬರುವ ಮುಂಚೆ ಬಿಲದ ಬಾಯಲ್ಲಿ ಎದ್ದ ಮಣ್ಣಿನ ಗುಡ್ಡೆಗಳ ಮೇಲೆ ಹಲ್ಲುಹಲ್ಲಿನ ರೇಕ್ ಎಳೆದು ಸಮ ಮಾಡಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ. ಹಾಗೆಂದು ಕಣ್ಣು ಮಿಟುಕಿಸಿದರು. ನಾವು ನಕ್ಕು ಸುಮ್ಮನಾದೆವು. ಮುಂದಿನ ವಾರ ಕಾರಿನ ಡಿಕ್ಕಿಯಲ್ಲಿ ಉದ್ದ ಹಿಡಿಯ ಹೊಸ ರೇಕ್ ಒಂದು ಮಲಗಿತ್ತು. ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೇ ತಿಂಗಳಲ್ಲಿ ಅತ್ತೆ ಬಂದರು. ಮಾವ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಗದ್ದೆ, ಕಬ್ಬು, ಎಮ್ಮೆ, ಆಳುಕಾಳು ಎಲ್ಲವನ್ನೂ ಒಬ್ಬರೇ ನಡೆಸಿದವರು. ಊರಿನ ಹಾಲಿನ ಡೈರಿಯ ಕಮಿಟಿಯಲ್ಲಿ ಎರಡು ಸಲ ಗೆದ್ದವರು. ಆರು ತಿಂಗಳ ಮಟ್ಟಿಗೆ ಎಂದು ಬರುವಾಗಲೂ ಡೈರಿಯ ಮೀಟಿಂಗ್ ತಪ್ಪುತ್ತದಲ್ಲ ಎಂದು ಪೇಚಾಡಿಕೊಂಡೇ ವಿಮಾನ ಹತ್ತಿದ್ದರು. ಮಾಲ್, ಮ್ಯೂಸಿಯಂ, ಸಮುದ್ರ ಯಾವುದಕ್ಕೂ ಅವರ ಮುಖ ಅರಳಲಿಲ್ಲ. ಜಮೀನಿಗೆ ಕರೆದುಕೊಂಡು ಹೋದ ದಿನ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಒಂದು ಹಿಡಿ ಮಣ್ಣು ತೆಗೆದು ಬೆರಳ ಸಂದಿಯಲ್ಲಿ ಉದುರಿಸಿದರು.

"ಇದೇನ್ಲಾ ಇದು, ಮಣ್ಣಾ, ಜಲ್ಲಿಯಾ? ಒಂದು ಕೊಡ ನೀರು ಉಯ್ದ್ರೂ ಗಳಿಗೆ ನಿಲ್ಲಲ್ಲ ಕನ."

"ತರಕಾರಿ ಬರಲ್ವಾ ಅವ್ವ?" ಎಂದ ನನ್ನ ಗಂಡ, ಪರೀಕ್ಷೆಯ ಫಲಿತಾಂಶ ಕೇಳುವವನ ಹಾಗೆ.

"ಗೊಬ್ಬರ ಆಕು, ಬತ್ತದೆ. ಗೊಬ್ಬರ ಆಕ್ದೆ ಏನ್ಲಾ ಬಂದದು?"

ಅವತ್ತಿನಿಂದ ಶನಿವಾರ ಬಂತೆಂದರೆ ಅವರು ಬೆಳಿಗ್ಗೆಯೇ ಸ್ನಾನ ಮಾಡಿ, ಸ್ವೆಟರ್ ಹಾಕಿ, ಜಮೀನಿಗೆ ಹೊರಡಲು ಸೋಫಾದ ಮೇಲೆ ಕೂತಿರುತ್ತಿದ್ದರು.

ಜುಲೈನಲ್ಲಿ ಕೌಂಟಿಯವರು ತಪಾಸಣೆಯ ದಿನ ಗೊತ್ತು ಮಾಡಿದರು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ನಾನು ಅತ್ತೆಗೆ, "ನಾಳೆ ಬೆಳಿಗ್ಗೆ ಗೌರ್ನಮೆಂಟಿನಿಂದ ಒಬ್ಬರು ನಮ್ಮ ಜಮೀನಲ್ಲಿ ಹೆಗ್ಗಣ ಇದೆಯಾ ಅಂತ ನೋಡೋಕೆ ಬರ್ತಾರೆ," ಎಂದೆ. ಅಷ್ಟೇ ಹೇಳಿದ್ದು. ಅತ್ತೆ ತಲೆದೂಗಿ, "ಒಳ್ಳೇ ಗೌರ್ಮೆಂಟು. ನಮ್ಮೂರಲ್ಲಿ ಅರ್ಜಿ ಕೊಟ್ರೂ ಒಬ್ಬನೂ ಬರಕಿಲ್ಲ," ಎಂದರು. ಅವರಿಗೆ ಏನು ಅರ್ಥವಾಯಿತು ಎಂದು ಯೋಚಿಸುವ ಬುದ್ಧಿ ನನಗೆ ಬರಲಿಲ್ಲ. ಸಾಂಬಾರಿನ ಪಾತ್ರೆ ಮುಚ್ಚಿ ಎದ್ದೆ.

ಬೆಳಿಗ್ಗೆ ಹೇಳಿದ ಹೊತ್ತಿಗಿಂತ ಮುಂಚೆಯೇ ತಲುಪಿದೆವು. ನನ್ನ ಗಂಡ ಡಿಕ್ಕಿ ತೆಗೆದು ರೇಕನ್ನು ಕೈಗೆ ತಗೊಂಡ. ನಾನು ಬೆಟ್ಟದ ಕಡೆ ನೋಡಿದೆ. ಆಗ ಮಗಳು ಕಾರಿನಿಂದ ಇಳಿದು, "ವಾಟ್ಸ್ ದ ರೇಕ್ ಫಾರ್, ಅಪ್ಪ?" ಎಂದಳು. ಅವನು ರೇಕನ್ನು ಮತ್ತೆ ಒಳಗಿಟ್ಟು ಡಿಕ್ಕಿ ಮುಚ್ಚಿದ. ಅದು ಧರ್ಮಕ್ಕೋ ನಾಚಿಕೆಗೋ ನಾನು ಇವತ್ತಿಗೂ ಕೇಳಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಮಗಳು ಆವತ್ತು ಮನೆಯಲ್ಲಿ ಉಳಿದಿದ್ದರೆ ನಾನು ಬೆಟ್ಟ ನೋಡುತ್ತಲೇ ನಿಂತಿರುತ್ತಿದ್ದೆ.

ಬಂದವರು ನಲವತ್ತರ ಆಸುಪಾಸಿನ ಎತ್ತರದ ಹೆಂಗಸು. ಅಗಲ ಅಂಚಿನ ಹ್ಯಾಟು, ಮೊಣಕಾಲವರೆಗಿನ ಬೂಟು, ಕೈಯಲ್ಲಿ ಒಂದು ಕಂತೆ ಗುಲಾಬಿ ಬಣ್ಣದ ಪುಟ್ಟ ಬಾವುಟ. ಕೌಂಟಿಯ ಜೀವಶಾಸ್ತ್ರಜ್ಞೆ ಎಂದು ಪರಿಚಯ ಹೇಳಿಕೊಂಡರು. ನಮ್ಮ ಜಮೀನಿನಲ್ಲಿ ಮಣ್ಣಿನ ಗುಡ್ಡೆಗಳೇನೋ ಬೇಕಾದಷ್ಟಿದ್ದವು. ಆದರೆ ಬಹುಪಾಲು ಗುಡ್ಡೆ ಮಾಡುವುದು ಮೋಲ್ ಎಂಬ ಬೇರೆ ಪ್ರಾಣಿ, ಅದಕ್ಕೆ ಯಾವ ಕಾನೂನೂ ಇಲ್ಲ ಎಂದು ವಿವರಿಸಿದರು. ಮೋಲ್ ಗುಡ್ಡೆ ಹೆಂಟೆಹೆಂಟೆಯಾಗಿ, ದುಂಡಗೆ, ರಾಗಿ ಮುದ್ದೆಯ ಹಾಗೆ ಮೇಲೆದ್ದಿರುತ್ತದೆ. ಗೋಫರ್ ಗುಡ್ಡೆಯ ಮಣ್ಣು ಜರಡಿ ಹಿಡಿದಂತೆ ನುಣ್ಣಗೆ, ಮೊರದಿಂದ ಒಂದೇ ಕಡೆಗೆ ಎರಚಿದ ಹಾಗೆ ಬಿದ್ದಿರುತ್ತದೆ. ಬಿಲದ ಬಾಯಿ ನಡುವೆ ಇರದೆ ಒಂದು ಪಕ್ಕದಲ್ಲಿದ್ದು ಮಣ್ಣಿನಿಂದ ಮುಚ್ಚಿರುತ್ತದೆ. ನಾನು ಇದರಲ್ಲಿ ಅರ್ಧವನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಬಾಯಿ ಮುಚ್ಚುವ ವಿಷಯ ಬಂದೊಡನೆ ಅವರು, "ಊಂ, ಗೊತ್ತು ಬುಡು. ಎಗ್ಗಣ ಬಾಗ್ಲು ಆಕ್ಕಂಡೇ ಮನಗೋದು," ಎಂದರು. ಅವರ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ.

ಆಕೆ ಬೇಲಿಯಿಂದ ಬೇಲಿಗೆ, ನೇಗಿಲ ಸಾಲಿನ ಹಾಗೆ ಹೋಗುತ್ತ ಬರುತ್ತ ನೆಲ ನೋಡತೊಡಗಿದರು. ಪ್ರತಿ ಗುಡ್ಡೆಯ ಹತ್ತಿರ ಬಗ್ಗಿ, ಬೆರಳಲ್ಲಿ ಕೆದಕಿ, "ಮೋಲ್," ಎನ್ನುವರು. ಇನ್ನಷ್ಟು ದೂರ ಹೋಗಿ ಮತ್ತೆ "ಮೋಲ್." ಒಂದೊಂದು ಸಲ ಆ ಮಾತು ಬಿದ್ದಾಗಲೂ ನನ್ನ ಗಂಡನ ಮುಖ ಇಷ್ಟಿಷ್ಟೇ ಬೆಳಗುತ್ತಿತ್ತು. ದಿಬ್ಬದ ಈಚೆಯ ಮಗ್ಗುಲು ಮುಗಿಯುವ ಹೊತ್ತಿಗೆ ಅವನು ಸೀಟಿ ಹಾಕುತ್ತಿದ್ದ.

ಅತ್ತೆ ಎಲ್ಲಿ ಎಂದು ಯಾರೂ ನೋಡಿರಲಿಲ್ಲ. ದಿಬ್ಬದ ಆಚೆಯಿಂದ, ಬ್ರೂಮ್ ಪೊದೆಗಳ ಹಿಂದಿನಿಂದ, ಗದ್ದೆಯ ಆ ತುದಿಯಲ್ಲಿರುವ ಆಳುಗಳನ್ನು ಕರೆಯುವಂಥ ಗಂಟಲಲ್ಲಿ ಕೂಗು ಬಂತು.

"ಏ ತಾಯೀ! ಇತ್ತಗೆ ಬಾ! ಸಿಕ್ತು! ಇಲ್ಲೈತೆ!"

ಆಕೆ ನಿಂತು ನಮ್ಮ ಕಡೆ ತಿರುಗಿ, ಅಮ್ಮ ಏನು ಹೇಳುತ್ತಿದ್ದಾರೆ ಎಂದು ಕೇಳಿದರು.

ನನ್ನ ಗಂಡ ತುಟಿ ಅಲುಗಿಸದೆ, "ಹೇಳ್ಬೇಡ," ಎಂದ.

ನಾನು ಹೇಳಲಿಲ್ಲ. ಮಗಳು ಹೇಳಿದಳು. ಕನ್ನಡದಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಆಡದವಳು, ಅಜ್ಜಿಯ ಮಂಡ್ಯದ ಕೂಗನ್ನು ಒಂದಕ್ಷರ ಬಿಡದೆ ಅರ್ಥ ಮಾಡಿಕೊಂಡು, ಕುಣಿಯುತ್ತ, "ಅಜ್ಜಿ ಫೌಂಡ್ ಒನ್!" ಎಂದು ಕಿರುಚಿದಳು.

ನಾವು ಹೋಗುವಷ್ಟರಲ್ಲಿ ಅತ್ತೆ ಪೊದೆಯ ಬುಡದಲ್ಲಿ ಕೂತು ಕೈಯಲ್ಲಿದ್ದ ಕಡ್ಡಿಯಿಂದ ತೋರಿಸುತ್ತಿದ್ದರು. ಮೊರದಿಂದ ಎರಚಿದ ಹಾಗೆ ಬಿದ್ದ ನುಣ್ಣನೆಯ ಕರಿ ಮಣ್ಣು. ಪಕ್ಕದಲ್ಲಿ ಮುಚ್ಚಿದ ಬಾಯಿ. ಆಕೆ ಮಂಡಿಯೂರಿ ಕೂತು, ನೋಡಿ, ಒಂದು ಗುಲಾಬಿ ಬಾವುಟ ನೆಟ್ಟರು. ಅತ್ತೆಗೆ ಹುರುಪು ಬಂತು. ಎದ್ದು ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ನೆಲವನ್ನೇ ದಿಟ್ಟಿಸಿ, "ಇಲ್ಲಿಂದ ಇಂಗೆ ಓಗ್ತದೆ ಸುರಂಗ. ಅಲ್ಲೊಂದು ಇರ್ಬೇಕು ನೋಡು," ಎಂದು ನಡೆದರು. ಅಲ್ಲೊಂದು ಇತ್ತು. ಅಲ್ಲಿಂದ ಬಲಕ್ಕೆ ಇನ್ನೊಂದು. ಆಕೆ ಬಾವುಟ ಹಿಡಿದು ಹಿಂದೆ, ಅತ್ತೆ ಕಡ್ಡಿ ಹಿಡಿದು ಮುಂದೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆಕೆ ಇಂಗ್ಲಿಷಿನಲ್ಲಿ ಕೇಳುವರು, ಅತ್ತೆ ಮಂಡ್ಯದ ಕನ್ನಡದಲ್ಲಿ ಉತ್ತರ ಕೊಡುವರು, ಇಬ್ಬರೂ ಒಪ್ಪಿ ತಲೆದೂಗುವರು. ದಿಬ್ಬದ ನೆತ್ತಿಯ ಮೇಲೆ, ನಮ್ಮ ಅಡುಗೆಮನೆ ಬರಬೇಕಾದ ಜಾಗದಲ್ಲಿ, ಏಳು ಬಾವುಟ ಗಾಳಿಗೆ ಪಟಪಟ ಎನ್ನುತ್ತಿದ್ದವು.

ನನ್ನ ಗಂಡ ಕಾರಿನ ಹತ್ತಿರ ಹೋಗಿ ಬಂಪರಿನ ಮೇಲೆ ಕೂತುಬಿಟ್ಟ.

ಅತ್ತೆ ಕೈ ಕೊಡವಿಕೊಂಡು ನನ್ನ ಹತ್ತಿರ ಬಂದು, "ಮದ್ದು ಎಲ್ಲವ್ವ? ಇವ್ಳು ಮದ್ದು ತಂದಿಲ್ವಾ?" ಎಂದರು.

"ಮದ್ದು ಇಡಲ್ಲ ಅತ್ತೆ."

"ಬೋನಾದ್ರೂ ಇಡ್ಬೇಕಲ್ಲ?"

"ಬೋನೂ ಇಡಲ್ಲ. ಇದನ್ನ ಹಿಡಿಯೋ ಹಾಗೇ ಇಲ್ಲ. ಇದನ್ನ ಕಾಪಾಡೋಕೇ ಅಂತ ಕಾನೂನಿದೆ."

"ಎಗ್ಗಣಕ್ಕಾ?"

"ಹೂಂ."

ಅವರು ಬಾವುಟಗಳ ಕಡೆ ನೋಡಿದರು, ಬಂಪರಿನ ಮೇಲೆ ಕೂತ ಮಗನ ಕಡೆ ನೋಡಿದರು. "ಮತ್ತೆ ಮನೆ?" ಎಂದರು, ಈ ಸಲ ಬಹಳ ಸಣ್ಣ ದನಿಯಲ್ಲಿ.

"ಅದಕ್ಕೇ ಅತ್ತೆ. ಇಲ್ಲಿ ಇದ್ರೆ ಇಲ್ಲಿ ಕಟ್ಟೋಕಾಗಲ್ಲ."

ಗದ್ದೆಯ ಬದುವಿಗೆ ತೂತು ಕೊರೆದು ನೀರೆಲ್ಲ ಪಕ್ಕದವರ ಗದ್ದೆಗೆ ಹರಿಸುವ ಹೆಗ್ಗಣಗಳ ಜೊತೆ ಇಪ್ಪತ್ತು ವರ್ಷ ಯುದ್ಧ ಮಾಡಿದ ಹೆಂಗಸು ಅವರು. ಸರ್ಕಾರವೇ ಹೆಗ್ಗಣ ಹಿಡಿಯಲು ಆಳು ಕಳಿಸಿದೆ ಎಂದು ತಿಳಿದು, ಆ ಆಳಿಗೆ ಮನಸಾರೆ ಸಹಾಯ ಮಾಡಿದ್ದರು. ತಪ್ಪು ನನ್ನದು. ಅವರ ಕಣ್ಣಲ್ಲಿ ನೀರು ತುಂಬಿದ್ದು ನೋಡಿ ಕೌಂಟಿಯ ಹೆಂಗಸು ಗಾಬರಿಯಾಗಿ ಏನಾಯಿತೆಂದು ಕೇಳಿದರು. ನಾನು ನಡೆದದ್ದನ್ನು ನಡೆದ ಹಾಗೇ ಹೇಳಿದೆ, ಮದ್ದು, ಬೋನು ಎಲ್ಲ ಸೇರಿಸಿ. ಆಕೆ ನಗು ತಡೆದುಕೊಳ್ಳಲು ಹ್ಯಾಟನ್ನು ಮುಖಕ್ಕೆ ಅಡ್ಡ ಹಿಡಿದರು. ಆಮೇಲೆ ಅತ್ತೆಯ ಕೈ ಹಿಡಿದು, ಇದು ಕೊನೆಯಲ್ಲ, ಇದೇ ಜಮೀನಿನಲ್ಲಿ ಮನೆ ಕಟ್ಟಲು ದಾರಿ ಇದೆ, ಅಮ್ಮನಿಗೆ ಹೇಳಿ ಎಂದರು. ಅತ್ತೆ ಮೂಗು ಒರೆಸಿಕೊಂಡು ಬ್ಯಾಗಿನಿಂದ ಕೋಡುಬಳೆ ಡಬ್ಬಿ ತೆಗೆದು ಮುಂದೆ ಹಿಡಿದರು. ಕೆಲಸದ ಮೇಲೆ ಬಂದಾಗ ಯಾರಿಂದಲೂ ಏನೂ ತಗೊಳ್ಳುವಂತಿಲ್ಲ ಎಂದು ಆಕೆ ಕೈ ಮುಗಿದರು.

"ಕೋಡ್ಬಳೆ ತಿನ್ನಕ್ಕೂ ಕಾನೂನಾ?" ಎಂದರು ಅತ್ತೆ.

ವಾಪಸ್ ಬರುವಾಗ ಟಕೋಮಾ ಹತ್ತಿರ ಟ್ರಾಫಿಕ್ ನಿಂತಿತು. ಆಗ ಹಿಂದಿನ ಸೀಟಿನಿಂದ ಅತ್ತೆ, "ಏನ್ಲಾ, ಮೊದ್ಲೇ ಸರಿಯಾಗಿ ಏಳಕಾಯ್ತಿರ್ಲಿಲ್ವಾ ನಂಗೆ?" ಎಂದರು.

"ಹೇಳಿದ್ರೆ ತೋರಿಸ್ತಿರ್ಲಿಲ್ವಾ ನೀನು?"

ಅತ್ತೆ ಯೋಚಿಸಿದರು. ನಿಜವಾಗಿ ಯೋಚಿಸಿದರು. ಕಾರುಗಳು ಒಂದಿಷ್ಟು ಮುಂದೆ ಸರಿದವು, ಮತ್ತೆ ನಿಂತವು.

"ತೋರಿಸ್ತಿದ್ದೆ ಕನ," ಎಂದರು ಕೊನೆಗೆ. "ಕಂಡದ್ದ ಕಾಣ್ನಿಲ್ಲ ಅನ್ನಕ್ಕಾದದಾ? ಆದ್ರೆ ಅಷ್ಟು ಜೋರಾಗಿ ಕೂಗ್ತಿರ್ಲಿಲ್ಲ."

ನನ್ನ ಗಂಡ ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಅಳುತ್ತಿದ್ದಾನೆಂದುಕೊಂಡೆ. ಅವನ ಭುಜ ಕುಲುಕುತ್ತಿತ್ತು. ನಗುತ್ತಿದ್ದ. ನಾನೂ ಶುರು ಮಾಡಿದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ, ಮಗಳು, "ಯೂ ಗೈಸ್ ಆರ್ ಸೋ ವಿಯರ್ಡ್," ಎಂದಳು. ನಗು ತಡೆಯಲಾರದೆ ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ನಾಲ್ಕೂ ಜನ ಕಾಫಿ ಕುಡಿದೆವು. ಕೋಡುಬಳೆಯೂ ಖಾಲಿಯಾಯಿತು.

ಮರುದಿನದಿಂದ ಅವನಿಗೆ ನಗು ಬರಲಿಲ್ಲ, ಅದನ್ನೂ ಹೇಳಬೇಕು. ಎರಡು ವಾರ ಗ್ರಾಫ್ ಹಾಳೆ ಮುಟ್ಟಲಿಲ್ಲ. ಐದು ಎಕರೆಯ ಒಡೆಯ ಇಲಿಯ ಅಪ್ಪಣೆ ಕೇಳಬೇಕಾ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಕೌಂಟಿಯಿಂದ ಪತ್ರ ಬಂತು. ದಿಬ್ಬದ ಮೇಲೆಯೇ ಕಟ್ಟಬೇಕೆಂದರೆ ಬೇರೆ ಕಡೆ ಅಷ್ಟೇ ಹುಲ್ಲುಗಾವಲನ್ನು ಗೋಫರ್‌ಗಳಿಗಾಗಿ ಉಳಿಸುವ ಖರ್ಚು ನಾವು ಕೊಡಬೇಕು. ಇಲ್ಲವಾದರೆ ದಿಬ್ಬವನ್ನೂ ಅದರ ಸುತ್ತಲಿನ ಹುಲ್ಲನ್ನೂ ಹಾಗೆಯೇ ಬಿಟ್ಟು, ಬಿಲವಿಲ್ಲದ ಕಡೆ ಮನೆ ಕಟ್ಟಿಕೊಳ್ಳಬೇಕು. ಅವನು ಪತ್ರವನ್ನು ಅಮ್ಮನಿಗೆ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದ. ಈ ಸಲ ಒಂದು ಮಾತೂ ಬಿಡಲಿಲ್ಲ.

"ಆ ಜಲ್ಲಿ ಆಕಿರೋ ಮೂಲೆ ಐತಲ್ಲ, ಅಲ್ಲಿ ಎಗ್ಗಣ ಇಲ್ವಲ್ಲ?" ಎಂದರು ಅತ್ತೆ.

"ಇಲ್ಲ. ಆದ್ರೆ ಅದು ರಸ್ತೆ ಪಕ್ಕ ಅವ್ವ. ಬೆಟ್ಟ ಅರ್ಧನೇ ಕಾಣೋದು."

"ನಮ್ಮೂರಲ್ಲಿ ಗದ್ದೆ ನಡುವೆ ಮನೆ ಕಟ್ಟವ್ರೆ ಯಾರಾದ್ರೂ? ಗಟ್ಟಿ ನೆಲ ನೋಡ್ಕಂಡು ದಾರಿ ಪಕ್ಕ ಕಟ್ತಾರೆ. ಗಾಡಿ ಬಂದು ನಿಲ್ಲಬ್ಯಾಡ್ವಾ? ನಾಳೆ ನನ್ ಮಂಡಿ ನೋವು ಜಾಸ್ತಿಯಾದ್ರೆ ಆ ದಿಬ್ಬ ಅತ್ತೋರು ಯಾರು? ಇನ್ನು ಬೆಟ್ಟ. ನೋಡ್ಬೇಕು ಅನ್ನಿಸ್ದಾಗ ಎದ್ದೋಗಿ ನೋಡು."

ಆ ಶನಿವಾರ ಅವನು ಜಮೀನಿಗೆ ಟೇಪ್ ತಗೊಂಡು ಹೋಗಿ ಜಲ್ಲಿಯ ಮೂಲೆಯನ್ನು ಅಳೆದ.

ಆಗಸ್ಟಿನಲ್ಲಿ ನಾವು ಬ್ರೂಮ್ ಪೊದೆ ಕೀಳುವ ಕೆಲಸಕ್ಕೆ ಕೈ ಹಾಕಿದೆವು. ಅದು ಹೊರಗಿನಿಂದ ಬಂದ ಗಿಡ, ಹುಲ್ಲನ್ನು ಉಸಿರಾಡಲು ಬಿಡುವುದಿಲ್ಲ, ಕೈಯಿಂದ ಕಿತ್ತರೆ ಒಳ್ಳೆಯದೇ ಎಂದು ಕೌಂಟಿಯ ಹೆಂಗಸು ಹೇಳಿ ಹೋಗಿದ್ದರು. ಒಂದು ಮಧ್ಯಾಹ್ನ ನಾವು ಮೂವರೂ ಬೆವರು ಸುರಿಸುತ್ತ ಕೀಳುತ್ತಿದ್ದೆವು. ಅತ್ತೆ ದಿಬ್ಬದ ಮೇಲೆ ಛತ್ರಿ ಹಿಡಿದು ಕೂತು ಮೇಸ್ತ್ರಿಗಿರಿ ಮಾಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಅವರ ಮಾತು ನಿಂತಿತು. ನೋಡಿದರೆ ಒಂದು ಕೈ ಬಾಯಿಯ ಮೇಲಿಟ್ಟು ಇನ್ನೊಂದು ಕೈಯಿಂದ ಬನ್ನಿ ಬನ್ನಿ ಎಂದು ಸನ್ನೆ ಮಾಡುತ್ತಿದ್ದರು. ಸದ್ದಿಲ್ಲದೆ ಹೋಗಿ ಪಕ್ಕದಲ್ಲಿ ಕೂತೆವು.

ಮಾರು ದೂರದಲ್ಲಿ ಒಂದು ಗಿಡ ನಡುಗುತ್ತಿತ್ತು. ಗಾಳಿ ಇರಲಿಲ್ಲ. ಗಿಡ ತಾನೇ ನಡುಗಿ, ಒಂದು ಅಂಗುಲ ನೆಲದೊಳಗೆ ಇಳಿಯಿತು. ನಿಂತಿತು. ಮತ್ತೆ ನಡುಗಿ ಇನ್ನೊಂದು ಅಂಗುಲ ಇಳಿಯಿತು. ಯಾರೋ ಕೆಳಗಿನಿಂದ ಹಿಡಿದು ಎಳೆಯುತ್ತಿದ್ದಂತೆ, ನೋಡನೋಡುತ್ತ ಎಲೆ, ಹೂವು ಎಲ್ಲ ಸಮೇತ ಪೂರಾ ಗಿಡ ನೆಲದೊಳಗೆ ಹೋಗಿಬಿಟ್ಟಿತು. ಆಮೇಲೆ ಆ ತೂತಿನಲ್ಲಿ ಒಂದು ಮುಖ ಕಾಣಿಸಿತು. ಕಂದು ಬಣ್ಣ, ಮೆಣಸಿನ ಕಾಳಿನಂಥ ಕಣ್ಣು, ಹಳದಿ ಹಲ್ಲು. ಕೆನ್ನೆ ಎರಡೂ ಕಡೆ ಉಬ್ಬಿಕೊಂಡಿದ್ದವು. ಮುಂಗಾಲಿನಿಂದ ಒಂದಿಷ್ಟು ಮಣ್ಣು ಹೊರಗೆ ತಳ್ಳಿ, ನಮ್ಮನ್ನು ನೋಡಿತೋ ಇಲ್ಲವೋ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು.

"ಚೀಕ್ ಪಾಕೆಟ್ಸ್!" ಎಂದು ಮಗಳು ಪಿಸುಗುಟ್ಟಿದಳು. ಅದರ ಕೆನ್ನೆಯಲ್ಲಿ ಚೀಲವಿದ್ದು ಆಹಾರವನ್ನು ಅದರಲ್ಲಿ ತುಂಬಿ ಒಯ್ಯುತ್ತದೆಂದು ನಾನು ಅತ್ತೆಗೆ ಹೇಳಿದೆ.

"ಕೆನ್ನೇಲಿ ಜೋಬಾ!" ಅತ್ತೆಗೆ ತಡೆಯಲಾಗದ ನಗು. "ಅಯ್ಯೋ ನನ್ ಕಂದ, ಇದಾ? ನಮ್ಮ ಎಗ್ಗಣದ ಕಾಲು ಭಾಗ ಇಲ್ವಲ್ಲ. ಇಷ್ಟಕ್ಕೆ ಅಷ್ಟು ದೊಡ್ಡ ಸರ್ಕಾರ ಕಾವಲು ನಿಂತೈತಾ?"

ನನ್ನ ಗಂಡ ಆ ಮಣ್ಣನ್ನೇ ನೋಡುತ್ತ, "ಬದುವಿಗೆ ತೂತು ಮಾಡ್ತವಲ್ಲ ಅವ್ವ, ಅದಕ್ಕೇ ತಾನೆ ನೀನು ಅವನ್ನ ಕೊಲ್ತಿದ್ದದ್ದು?" ಎಂದ.

"ಊಂ ಮತ್ತೆ. ಇಲ್ಲಿ ಬದ ಎಲ್ಲೈತೆ, ನೀರೆಲ್ಲೈತೆ? ಅದರ ಪಾಡಿಗೆ ಅದು ಐತೆ. ಇರ್ಲಿ ಬುಡು."

ಆ ಸಂಜೆ ಅವನು ಗ್ರಾಫ್ ಹಾಳೆ ತೆಗೆದ. ಮೊದಲು ಬರೆದದ್ದು ಮನೆಯನ್ನಲ್ಲ. ಏಳು ಬಾವುಟಗಳನ್ನು ಗುರುತು ಹಾಕಿ, ಅವುಗಳ ಕೆಳಗೆ ಸುರಂಗ ಹೇಗೆ ಹೋಗಿರಬಹುದು, ಕಣಜ ಎಲ್ಲಿರಬಹುದು, ಮಲಗುವ ಕೋಣೆ ಎಲ್ಲಿರಬಹುದು ಎಂದು ಬರೆದ. ಅತ್ತೆ ಪಕ್ಕದಲ್ಲಿ ಕೂತು ತಿದ್ದಿದರು. ಆಮೇಲೆ ಹೊಸ ಹಾಳೆಯಲ್ಲಿ ನಮ್ಮ ಮನೆ. ಒಂದೇ ಅಂತಸ್ತು, ಮೊದಲಿನದಕ್ಕಿಂತ ಒಂದು ರೂಮು ಕಡಿಮೆ, ಬಾಗಿಲಿಗೆ ಒಂದೂ ಮೆಟ್ಟಿಲಿಲ್ಲ. ಜಲ್ಲಿಯ ನೆಲದ ಮೇಲೆ ಮರದ ಚೌಕಟ್ಟು ಹೊಡೆದು ಗೊಬ್ಬರದ ಮಣ್ಣು ತುಂಬಿದರೆ ತರಕಾರಿಗೂ ಜಾಗವಾಯಿತು. ಆ ನಕ್ಷೆಗೆ ಅನುಮತಿ ಬರಲು ನಾವು ಅಂದುಕೊಂಡಷ್ಟು ತಡವಾಗಲಿಲ್ಲ. ದಿಬ್ಬದ ಭಾಗವನ್ನು ಉಳುವುದಿಲ್ಲ, ಅಗೆಯುವುದಿಲ್ಲ, ಏನೂ ಕಟ್ಟುವುದಿಲ್ಲ ಎಂಬ ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ಸಹಿ ಹಾಕುವಾಗ ಅವನ ಕೈ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ. ಆಮೇಲೆ ಪೂರ್ತಿ ಹೆಸರು ಬರೆದ.

ಅತ್ತೆ ನವೆಂಬರಿನಲ್ಲಿ ಊರಿಗೆ ಹೋದರು. ಗೃಹಪ್ರವೇಶಕ್ಕೆ ಮುಂದಿನ ಮೇ ತಿಂಗಳಲ್ಲಿ ಮತ್ತೆ ಬಂದರು. ನಡುವಿನ ಚಳಿಗಾಲವೆಲ್ಲ ವಾಟ್ಸಾಪಿನಲ್ಲಿ ಅವರು ಕೇಳುತ್ತಿದ್ದದ್ದು ಗೋಡೆ ಎಷ್ಟು ಎದ್ದಿತು ಎಂದಲ್ಲ, ದಿಬ್ಬದ ಮೇಲೆ ಹೊಸ ಗುಡ್ಡೆ ಎಷ್ಟು ಬಂದವು ಎಂದು. ಡೈರಿಯ ಕಮಿಟಿಯವರಿಗೆಲ್ಲ ಫೋಟೊ ತೋರಿಸಿದ್ದರಂತೆ. ಒಬ್ಬರೂ ನಂಬಲಿಲ್ಲವಂತೆ.

ಗೃಹಪ್ರವೇಶದ ವಾರ ನಮಗೆಲ್ಲ ಒಂದು ಆಶ್ಚರ್ಯ ಕಾದಿತ್ತು. ಪೊದೆಗಳನ್ನು ಕಿತ್ತು ತೆರವಾದ ದಿಬ್ಬದ ಮೇಲೆ, ಹುಲ್ಲಿನ ನಡುವೆ, ನೀಲಿ ಹೂವುಗಳು ಎದ್ದಿದ್ದವು. ಹತ್ತಿಪ್ಪತ್ತಲ್ಲ, ದಿಬ್ಬಕ್ಕೆ ಯಾರೋ ನೀಲಿ ಸೀರೆ ಒಣಹಾಕಿದ ಹಾಗೆ. ಕುದುರೆಯ ಮುದುಕರು ಬೇಲಿಯಾಚೆಯಿಂದ ನೋಡಿ, ಇದು ಕ್ಯಾಮಸ್, ಇದರ ಗೆಡ್ಡೆ ವರ್ಷಗಟ್ಟಲೆ ನೆಲದೊಳಗೆ ಮಲಗಿರುತ್ತದೆ, ನನ್ನ ಚಿಕ್ಕಂದಿನಲ್ಲಿ ಈ ಕಡೆಯೆಲ್ಲ ಹೀಗೇ ಇತ್ತು ಎಂದರು. ಅವತ್ತು ಅವರು ಕಣ್ಣು ಮಿಟುಕಿಸಲಿಲ್ಲ. ಬಹಳ ಹೊತ್ತು ಬೇಲಿ ಹಿಡಿದು ನಿಂತಿದ್ದರು.

ವುಡಿನ್‌ವಿಲ್‌ನಿಂದ, ಸ್ನೊಕ್ವಾಲ್ಮಿಯಿಂದ, ರೆಂಟನ್ನಿನಿಂದ ಸ್ನೇಹಿತರ ಸಂಸಾರಗಳು ಬಂದವು. ಹಾಲು ಉಕ್ಕಿಸಿದ್ದಾಯಿತು, ಹೋಳಿಗೆ ಊಟವಾಯಿತು. ಬಂದ ಪ್ರತಿಯೊಬ್ಬರೂ ಇದು ಗಣಪತಿಯ ವಾಹನ ಕಣ್ರೀ, ಒಳ್ಳೇ ಶಕುನ ಎಂಬ ಒಂದೇ ಜೋಕನ್ನು ತಮ್ಮದೇ ಎಂಬಂತೆ ಹೇಳಿದರು. ಪುರೋಹಿತರೂ ಹೇಳಿದರು. ನನ್ನ ಗಂಡ ಪ್ರತಿ ಸಲವೂ ಮೊದಲ ಸಲ ಕೇಳಿದವನಂತೆ ನಕ್ಕ. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು, ಜನರನ್ನು ಕರೆದುಕೊಂಡು ಹೋಗಿ, ಇದು ಮೋಲ್ ಗುಡ್ಡೆ, ಇದು ಗೋಫರ್ ಗುಡ್ಡೆ ಎಂದು ಪಾಠ ಮಾಡಿದ. ಸಾಫ್ಟ್‌ವೇರಿನ ದೊಡ್ಡ ದೊಡ್ಡ ಹುದ್ದೆಯವರು ರೇಷ್ಮೆ ಪಂಚೆಯಲ್ಲಿ ಬಗ್ಗಿ ಮಣ್ಣು ನೋಡಿದರು. ಮಕ್ಕಳು ಹೊಟ್ಟೆಯ ಮೇಲೆ ಮಲಗಿ ಯಾವ ಗಿಡ ನಡುಗುತ್ತದೆ ಎಂದು ಕಾದವು. ಅತ್ತೆ ಕಾಲು ಇಡುವ ಜಾಗ ತೋರಿಸುತ್ತ, "ಮೆಲ್ಲಗೆ ಕನ್ರಪ್ಪ, ಒಳಗೆ ಬಾಣಂತಿ ಇದ್ದಾಳು," ಎಂದು ಎಲ್ಲರನ್ನೂ ಗದರುತ್ತಿದ್ದರು.

ಸಂಜೆ ಎಲ್ಲರೂ ಹೋದ ಮೇಲೆ ನಾನು ಪಾತ್ರೆ ಜೋಡಿಸುತ್ತಿದ್ದೆ. ಅತ್ತೆ ಹೊಸ ಮನೆಯ ಜಗಲಿಯಲ್ಲಿ ಕೂತು ಊರಿನಲ್ಲಿರುವ ತಂಗಿಗೆ ವಿಡಿಯೊ ಕಾಲ್ ಮಾಡಿ ಮನೆ, ಹೂವು, ಅರ್ಧ ಬೆಟ್ಟ ಎಲ್ಲ ತೋರಿಸುತ್ತಿದ್ದರು. ಅಲ್ಲಿ ಬೆಳಗಿನ ಹೊತ್ತು. ಹಿಂದೆ ಕೋಳಿ ಕೂಗುವುದು ಕೇಳಿಸುತ್ತಿತ್ತು.

"ಎಷ್ಟು ಎಕರೆ ಅಕ್ಕ?" ಎಂದು ತಂಗಿ ಕೇಳಿದರು.

"ಐದು. ಅರ್ಧ ನಮ್ದು, ಅರ್ಧ ಅವ್ರದು."

"ಅವ್ರು ಅಂದ್ರೆ ಯಾರು? ದಾಯಾದಿಗಳಾ?"

ಅತ್ತೆ ಫೋನನ್ನು ದಿಬ್ಬದ ಕಡೆ ತಿರುಗಿಸಿ ಹಿಡಿದರು. "ಊಂ, ಅಂಗೇ ಅಂದ್ಕೋ. ಆದ್ರೆ ಜಗಳ ಇಲ್ಲ, ಕೋರ್ಟಿಲ್ಲ. ಒಳ್ಳೇ ಜನ."